ಉಸಿರು ತುಂಬುವ ಪಂಪು

ನನ್ನ ಹೆಂಡತಿಯ ತಮ್ಮ ಗೋಣಿಚೀಲ ಹೊತ್ತು ಅಂಗಡಿಗೆ ಬಂದಾಗ ನಾನು ಅಕ್ಕಿ ಗಿರಣಿಯ ಶಾಫ್ಟೊಂದನ್ನು ಲೇಥಿಗೆ ಕಟ್ಟಿದ್ದೆ. ಗಂಗಾವತಿಯಲ್ಲಿ ಗಿರಣಿಗಳಿರುವವರೆಗೆ ನನ್ನಂಥವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಅವನು ಚೀಲದ ಬಾಯಿ ಬಿಚ್ಚಿ ಒಳಗಿನದನ್ನು ನೆಲದ ಮೇಲೆ ಸುರಿದ. ಸೈಕಲ್ಲಿಗೆ ಗಾಳಿ ಹೊಡೆಯುವಂಥದೇ ಒಂದು ಪಂಪು, ಆದರೆ ಅದಕ್ಕಿಂತ ದಪ್ಪ, ಅದಕ್ಕಿಂತ ಭಾರ. ಬುಡ ಸೀಳಿ ಹೋಗಿತ್ತು. ಜೊತೆಗೆ ನೀರಿನ ಬಾಟಲಿಯಷ್ಟು ದೊಡ್ಡ ಹಳದಿ ಸಿಲಿಂಡರು. ಅದರ ಮೂತಿಗೆ ಹಲ್ಲಲ್ಲಿ ಕಚ್ಚಿ ಹಿಡಿಯುವ ರಬ್ಬರಿನ ತುಂಡು.

"ಮಾವ, ಇದನ್ನ ರಿಪೇರಿ ಮಾಡಾಕ ಬರ್ತೈತೇನು?" ಎಂದ.

ಅವನಿಗೆ ಹನುಮನಹಳ್ಳಿಯ ಹತ್ತಿರ ಹೊಳೆಯಲ್ಲಿ ಹರಿಗೋಲು ನಡೆಸುವ ಕೆಲಸ. ಬೆಟ್ಟ ನೋಡಲು ಬಂದವರನ್ನು ಕೂರಿಸಿಕೊಂಡು ಬಂಡೆಗಳ ನಡುವೆ ಸುತ್ತಿಸುತ್ತಾನೆ. ಆದರೆ ದಂಡೆಯ ರೈತರಿಗೆ ಅವನು ಬೇಕಾಗುವುದು ಬೇರೆ ಕಾರಣಕ್ಕೆ. ಹೊಳೆಯಿಂದ ಗದ್ದೆಗೆ ನೀರೆತ್ತುವ ಪೈಪಿನ ತುದಿಯಲ್ಲಿ ಜರಡಿಯಂಥ ಫುಟ್‌ವಾಲ್ ಇರುತ್ತದೆ. ಅದಕ್ಕೆ ಹರಿದ ಮೀನುಬಲೆಯೋ ಹಳೆಯ ಸೀರೆಯೋ ಸುತ್ತಿಕೊಂಡರೆ ಮೋಟರು ನೀರೆತ್ತುವುದಿಲ್ಲ. ಯಾರಾದರೂ ತಳಕ್ಕೆ ಹೋಗಿ ಬಿಡಿಸಬೇಕು. ಇವನು ಚಿಕ್ಕಂದಿನಿಂದ ಅದನ್ನೇ ಮಾಡಿದವನು, ಒಂದೇ ಉಸಿರಿನಲ್ಲಿ. ಹೋದ ಮಳೆಗಾಲದ ಕೊನೆಗೆ ಹಾಗೆ ಮುಳುಗಿದವನು ಅರ್ಧ ದಾರಿಯಲ್ಲೇ ಎಚ್ಚರ ತಪ್ಪಿದ್ದ. ಜೊತೆಗಿದ್ದವರು ಕೂದಲು ಹಿಡಿದು ಎತ್ತಿ ಹಾಕಿದ್ದರು. ಆಮೇಲೆಯೇ ಅವನು ಫೋನಿನಲ್ಲಿ ನೋಡಿ ಈ ಸಿಲಿಂಡರನ್ನೂ ಪಂಪನ್ನೂ ತರಿಸಿದ್ದು. ಮೊದಲ ಸಲ ಗಾಳಿ ತುಂಬಿತಂತೆ. ಎರಡನೆಯ ಸಲ ತುಂಬುವಾಗ ಪಂಪಿನ ಬುಡ ಸಿಡಿದು, ಒಂದು ಚೂರು ಅವನ ಮೊಣಕಾಲಿನ ಪಕ್ಕದಿಂದ ಹೋಗಿ ಗೋಡೆಗೆ ಬಡಿದಿತ್ತು.

"ಇದು ರಿಪೇರಿ ಆಗಂಗಿಲ್ಲ. ಬೇಕಾದ್ರ ಹೊಸಾದು ಮಾಡ್ಬಹುದು" ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಲಾರಿ ಟೈರಿಗೆ ತುಂಬುವ ಗಾಳಿಗಿಂತ ಹತ್ತಾರು ಪಟ್ಟು ಒತ್ತಡದ ಗಾಳಿ ಅದು. ಅದನ್ನು ಕೈಯಿಂದ ಒತ್ತಿ ತುಂಬಬೇಕು. ತುಂಬಿದ್ದನ್ನು ಈ ಹುಡುಗ ಬಾಯಲ್ಲಿ ಕಚ್ಚಿಕೊಂಡು ನೀರಿನಡಿಗೆ ಹೋಗುತ್ತಾನೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. ಅವಳು ಸರಕಾರಿ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ, ದೊಡ್ಡ ದೊಡ್ಡ ಕುಕ್ಕರುಗಳ ಜೊತೆ ದಿನ ಕಳೆಯುವವಳು.

"ಬ್ಯಾಡ್ರಿ. ಈಗ ಉಸಿರು ಮುಗಿತೈತಿ ಅಂತ ಹೆದರಿ ಮ್ಯಾಲ ಬರ್ತಾನ. ಆ ಡಬ್ಬಿ ಬಾಯಾಗ ಇಟ್ಕೊಂಡ್ರ ಆ ಹೆದರಿಕಿನೂ ಹೋಗ್ತೈತಿ. ಇನ್ನೂ ಆಳಕ್ಕ ಇಳೀತಾನ."

"ಇಲ್ಲಾಂದ್ರೂ ಇಳಿಯಾವ ಅವ."

"ಇಳೀಲಿ. ನಿಮ್ಮ ಕೈಲೆ ಮಾಡಿದ್ದು ತಗೊಂಡು ಇಳಿಯೂದು ಬ್ಯಾಡ."

ಕೆಲವು ದಿನ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಆನೆಗೊಂದಿ ಕಡೆಯಿಂದ ಬಂದ ಗಿರಾಕಿಯೊಬ್ಬ, ನಿಮ್ಮ ಭಾವಮೈದುನ ನಿನ್ನೆ ಮತ್ತೆ ಮುಳುಗಿದ್ದ, ಮೇಲೆ ಬಂದಾಗ ಕಿವಿಯಿಂದ ನೆತ್ತರು ಬರುತ್ತಿತ್ತು ಎಂದು ಹೇಳಿ ಹೋದ. ಹೆಂಡತಿಗೆ ಹೇಳದಿರಲು ಆಗಲಿಲ್ಲ. ಅವಳು ಮರುದಿನ ಸಾಲೆ ಮುಗಿಸಿ ನೇರವಾಗಿ ಅಂಗಡಿಗೆ ಬಂದು, ಮೂಲೆಯಲ್ಲಿದ್ದ ಒಡೆದ ಪಂಪನ್ನು ಕಾಲಿನಿಂದ ಹೊರಳಿಸಿ ನೋಡಿದಳು.

"ಇದಕ್ಕ ಸೀಟಿ ಎಲ್ಲೈತಿ?"

"ಎಂಥಾ ಸೀಟಿ?"

"ಕುಕ್ಕರಿಗೆ ಇರ್ತೈತಲ್ರಿ. ಉಗಿ ಜಾಸ್ತಿ ಆದ್ರ ಹೊರಗ ಹೋಗಾಕ ದಾರಿ. ಇದಕ್ಕ ದಾರೀನ ಇಲ್ಲ. ಅದಕ್ಕ ಒಡದೈತಿ."

ನಾನು ಅದನ್ನೇ ಯೋಚಿಸಿದ್ದೆನೆಂದು ಹೇಳಿದೆ. ಅವಳು ನಂಬಿದಳೋ ಇಲ್ಲವೋ. "ಮಾಡೂದಾದ್ರ ನನ್ನ ಮುಂದ ಮಾಡ್ರಿ. ನಾ ಹೂಂ ಅನ್ನೂತನಕ ಅವನ ಕೈಗೆ ಕೊಡಂಗಿಲ್ಲ" ಎಂದಳು. ಹಾಗೆ ಕೆಲಸ ಶುರುವಾಯಿತು.

ಹಿಟ್ನಾಳದ ಹೈವೇ ಪಕ್ಕದಲ್ಲಿ ಹಳೆಯ ಯಂತ್ರಗಳನ್ನು ಬಿಚ್ಚಿ ಮಾರುವ ಗುಜರಿಗಳಿವೆ. ಮಣ್ಣು ಅಗೆಯುವ ಯಂತ್ರವೊಂದರ ಹೈಡ್ರಾಲಿಕ್ ಸಿಲಿಂಡರನ್ನು ಅಲ್ಲಿ ಆರಿಸಿದೆ. ಒಳಮೈ ಕನ್ನಡಿಯಂತಿತ್ತು. ದಪ್ಪ ಗೋಡೆ, ಎಲ್ಲೂ ಗೀರಿಲ್ಲ. ಉಪಾಯ ಸರಳವಾದದ್ದೇ. ದಪ್ಪ ಕೊಳವೆಯಲ್ಲಿ ಮೊದಲು ಒತ್ತಿದ ಗಾಳಿ ಸಣ್ಣ ಕೊಳವೆಗೆ ಹೋಗಿ ಅಲ್ಲಿ ಮತ್ತೊಮ್ಮೆ ಒತ್ತಿಸಿಕೊಳ್ಳಬೇಕು. ಮನುಷ್ಯನ ಮೈಭಾರ ಅಷ್ಟು ಒತ್ತಡವನ್ನು ಮೀರಬೇಕಾದರೆ ಆ ಎರಡನೆಯ ಪಿಸ್ಟನ್ನು ಕಿರುಬೆರಳಿಗಿಂತ ತೆಳ್ಳಗಿರಬೇಕು. ಹಳೆಯ ಶಾಕ್ ಅಬ್ಸಾರ್ಬರಿನ ರಾಡಿನಿಂದ ಅದನ್ನು ತೆಗೆದೆ. ಗಾಳಿ ಹಿಂದಕ್ಕೆ ಬರದಂತೆ ತಡೆಯುವ ವಾಲಿಗೆ ಬೇರಿಂಗಿನ ಸಣ್ಣ ಗುಂಡು ಹಾಕಿದೆ. ಅವಳು ಕೇಳಿದ ಸೀಟಿಯ ಜಾಗಕ್ಕೆ ತೆಳುವಾದ ಹಿತ್ತಾಳೆಯ ಬಿಲ್ಲೆ. ಒತ್ತಡ ಮಿತಿ ದಾಟಿದರೆ ಮೊದಲು ಆ ಬಿಲ್ಲೆ ಹರಿಯಬೇಕು, ಉಳಿದದ್ದೆಲ್ಲ ಉಳಿಯಬೇಕು. ಎಷ್ಟು ತೆಳುವಿದ್ದರೆ ಎಷ್ಟಕ್ಕೆ ಹರಿಯುತ್ತದೆಂದು ತಿಳಿಯಲು ಬಿಲ್ಲೆಗಳ ಮೇಲೆ ಬಿಲ್ಲೆ ಹಾಳು ಮಾಡಿದೆ. ಗಿರಣಿಯವರು ತಮ್ಮ ಶಾಫ್ಟಿಗಾಗಿ ಫೋನು ಮಾಡಿ ಮಾಡಿ ಬೈದರು.

ಗಾಳಿ ತುಂಬುವ ಮೊದಲು ನೀರಿನಿಂದ ಪರೀಕ್ಷೆ ಮಾಡಬೇಕು. ನೀರು ತುಂಬಿದ ಕೊಳವೆ ಸೀಳಿದರೆ ಸೋರಿ ನಿಲ್ಲುತ್ತದೆ. ಗಾಳಿ ತುಂಬಿದ್ದು ಸೀಳಿದರೆ ಗುಂಡಿನಂತೆ ಹಾರುತ್ತದೆ. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಪಂಪಿನ ಸುತ್ತ ಮರಳಿನ ಚೀಲ ಪೇರಿಸಿ, ಲಾರಿ ಎತ್ತುವ ಜಾಕಿನಿಂದ ನೀರನ್ನು ಒತ್ತಲು ಪೈಪು ಎಳೆದೆ. ಒತ್ತಡದ ಮೀಟರಿನ ಮುಳ್ಳು ಕಾಣಲು ಬೈಕಿನ ಕನ್ನಡಿಯೊಂದನ್ನು ಕೋಲಿಗೆ ಕಟ್ಟಿ ನಿಲ್ಲಿಸಿದೆ. ಗೋಡೆಯ ಹಿಂದೆ ಕೂತು ಜಾಕಿನ ಹಿಡಿ ಒತ್ತತೊಡಗಿದೆ. ಹೆಂಡತಿ ಮತ್ತು ಅವಳ ತಮ್ಮ ನನ್ನ ಬೆನ್ನಿಗೆ ಅಂಟಿಕೊಂಡಂತೆ ಕೂತಿದ್ದರು.

ಮುಳ್ಳು ನೂರು ದಾಟಿತು. ನೂರೈವತ್ತು. ಹಿಡಿ ಭಾರವಾಯಿತು. ಇನ್ನೊಂದು ಸಲ ಒತ್ತುವಷ್ಟರಲ್ಲಿ ಚಾಟಿ ಬೀಸಿದಂಥ ಸದ್ದು. ಹೋಗಿ ನೋಡಿದರೆ, ಸೋರದಂತೆ ಕೂರಿಸಿದ್ದ ಕೆಳಗಿನ ರಬ್ಬರ್ ಸೀಲು ತನ್ನ ಜಾಗದಿಂದ ಹಿಂಡಿಕೊಂಡು ಹೊರಬಂದಿತ್ತು. ಆ ಸಂದಿನಿಂದ ಸೂಜಿಯಷ್ಟು ಸಣ್ಣಗೆ ಹೊರಟ ನೀರು ಮರಳಿನ ಚೀಲವನ್ನು ಬ್ಲೇಡಿನಿಂದ ಕೊಯ್ದಂತೆ ಕೊಯ್ದಿತ್ತು.

ಹೆಂಡತಿ ಆ ಕೊಯ್ದ ಜಾಗದಲ್ಲಿ ಬೆರಳಾಡಿಸಿದಳು. ತಮ್ಮನೇ ಅಂದ, "ಬಿಡ್ರಿ ಮಾವ. ಬ್ಯಾಡಾಗಿತ್ತು."

"ಈಗ ಬಿಟ್ರ ನೀ ಹೊಳಿ ಬಿಡ್ತಿಯೇನು?" ಅವಳೇ ಕೇಳಿದಳು.

ಅವನು ತಲೆ ತಗ್ಗಿಸಿದ. ನಾನು ಸೀಲಿನ ಬೆನ್ನಿಗೆ ಗಟ್ಟಿಯಾದ ಬಿಳಿ ಟೆಫ್ಲಾನ್ ಉಂಗುರ ಕೂರಿಸಿ, ಸಂದನ್ನು ಇನ್ನೂ ಬಿಗಿ ಮಾಡಿ ಮತ್ತೆ ಒತ್ತಿದೆ. ಈ ಸಲ ಮುಳ್ಳು ಬೇಕಾದಲ್ಲಿಗೆ ಏರಿ ನಿಂತಿತು. ಇನ್ನೂ ಒತ್ತಿದಾಗ ಮೊದಲು ಹರಿದದ್ದು ಹಿತ್ತಾಳೆಯ ಬಿಲ್ಲೆಯೇ. ಆ ಪಟ್ ಎನ್ನುವ ಸದ್ದಿಗೆ ನಾವು ಮೂವರೂ ಹಾರಿಬಿದ್ದೆವು. ಆದರೆ ಒಳಗೊಳಗೆ ನನಗೆ ಸಂತೋಷವೇ ಆಯಿತು.

ಗಾಳಿ ತುಂಬಿದ ದಿನ ಬೇರೆಯದೇ ಕಷ್ಟ ಎದುರಾಯಿತು. ನಾನೂ ಅವಳ ತಮ್ಮನೂ ಸರದಿಯ ಮೇಲೆ ಪಂಪಿನ ಹಿಡಿಯ ಮೇಲೆ ಮೈ ಹೇರಿ ಒತ್ತಿದೆವು. ಕೊಳವೆ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ನಿಲ್ಲಿಸಿ ಆರಲು ಬಿಟ್ಟು ಮತ್ತೆ ಒತ್ತಬೇಕು. ಅಂತೂ ಸಿಲಿಂಡರು ತುಂಬಿತು. ಭಾವಮೈದುನ ಕೈ ಚಾಚಿದಾಗ ಹೆಂಡತಿ ಅದನ್ನು ಕಿತ್ತುಕೊಂಡು ತನ್ನ ಬಾಯಿಗಿಟ್ಟು ಒಂದು ಉಸಿರೆಳೆದಳು. ಕೂಡಲೇ ಮುಖ ಕಿವುಚಿ ಉಗುಳಿದಳು.

"ನಿಮ್ಮ ಅಂಗಡಿ ವಾಸನಿ ಐತ್ರಿ ಇದರಾಗ. ಸುಟ್ಟ ಎಣ್ಣಿ."

ಕೊಳವೆ ಕೊರೆಯುವಾಗ ಹಾಕಿದ ಎಣ್ಣೆ ತಿರುಪುಗಳ ಸಂದಿನಲ್ಲಿ ಉಳಿದಿತ್ತು. ಆ ಬಿಸಿಗೆ ಅದು ಹೊಗೆಯಾಗಿತ್ತು. ಅಷ್ಟು ಒತ್ತಡದಲ್ಲಿ ಎಣ್ಣೆಗೆ ಕಿಡಿ ಹತ್ತಿದರೆ ಪಂಪೇ ಸಿಡಿಯುತ್ತದೆ. ಹತ್ತದಿದ್ದರೂ ಆ ಗಾಳಿ ಕುಡಿದವನಿಗೆ ನೀರಿನಡಿಯಲ್ಲಿ ತಲೆ ಸುತ್ತುತ್ತದೆ. ಎಲ್ಲವನ್ನೂ ಬಿಚ್ಚಿದೆವು. ಅವಳು ಸಾಲೆಯ ಪಾತ್ರೆ ತಿಕ್ಕುವಂತೆ ಕುದಿಯುವ ನೀರು, ಸೋಪು ಹಾಕಿ ಒಂದೊಂದು ಭಾಗವನ್ನೂ ತಿಕ್ಕಿದಳು. ಬಿಸಿಲಿಗೆ ಒಣಹಾಕಿ, ಮೂಗಿಗೆ ಹಿಡಿದು, ಬೇಡವೆನ್ನಿಸಿದ್ದನ್ನು ಮತ್ತೆ ತೊಳೆದಳು. ಪಿಸ್ಟನ್ನು ಸರಾಗವಾಗಿ ಜಾರಲು ಕುಡಿಯುವ ನೀರಿನ ಯಂತ್ರಗಳ ಸೀಲಿಗೆ ಸವರುವ ಸಿಲಿಕಾನ್ ಗ್ರೀಸನ್ನು ಮಾತ್ರ, ಅದೂ ಒಂದಿಷ್ಟೇ ಹಚ್ಚಿದೆ. ಮರುದಿನ ತುಂಬಿದ ಗಾಳಿಯನ್ನು ಅವಳು ಮೂರ್ನಾಲ್ಕು ಸಲ ಎಳೆದು, ಕಣ್ಣು ಮುಚ್ಚಿ, "ಈಗ ಏನೂ ಇಲ್ಲ" ಎಂದಳು.

ನಾನು ಅತಿ ಹೆಚ್ಚು ಹೆದರಿದ್ದು ಪಂಪಿಗಲ್ಲ. ಸಿಲಿಂಡರಿನ ಜೊತೆ ಬಂದ ಚೀಟಿಯಲ್ಲಿ ಒಂದು ಚಿತ್ರವಿತ್ತು. ಮೇಲೆ ಬರುವಾಗ ಉಸಿರು ಹಿಡಿಯಬಾರದು ಎಂದು. ಕೆಳಗೆ ಎಳೆದ ಗಾಳಿ ಮೇಲೆ ಬರಬರುತ್ತ ಎದೆಯೊಳಗೆ ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಬಂದರೆ ಎರಡಾಳು ಆಳದಿಂದಲೇ ಬಂದರೂ ಪುಪ್ಪಸ ಹರಿಯಬಹುದು. ಈ ಹುಡುಗನಿಗೆ ಹುಟ್ಟಿದಾಗಿನಿಂದ ಬರುವ ವಿದ್ಯೆಯೆಂದರೆ ನೀರಿನಲ್ಲಿ ಉಸಿರು ಹಿಡಿಯುವುದೊಂದೇ. ಇಷ್ಟು ವರ್ಷ ಅವನನ್ನು ಉಳಿಸಿದ್ದೇ ಈಗ ಅವನನ್ನು ಕೊಲ್ಲಬಹುದಿತ್ತು.

ಕುಷ್ಟಗಿಯ ಹತ್ತಿರ ನಮ್ಮ ಬೀಗರ ದಾಳಿಂಬೆ ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡವಿದೆ. ನೀರು ತಿಳಿ, ತಳ ಕಾಣುತ್ತದೆ. ಆದರೆ ಆ ಹಾಳೆ ಎಷ್ಟು ಜಾರುತ್ತದೆಂದರೆ ಬಿದ್ದವರು ಹತ್ತಲಾರರು. ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಸುತ್ತಿ ಇಳಿಸಿದೆವು.

ಮೊದಲ ಸಲ ಗುಳ್ಳೆಗಳು ಸರಿಯಾಗಿ ಬರುತ್ತಿದ್ದವು. ಮೇಲೆ ಬಾ ಎಂದು ಹಗ್ಗ ಜಗ್ಗಿದೊಡನೆ ಗುಳ್ಳೆ ನಿಂತವು. ಅವನು ಬಾಯಿ ಬಿಗಿಹಿಡಿದು ಮೇಲೆ ಬರುತ್ತಿರುವುದು ತಿಳಿನೀರಿನಲ್ಲಿ ಕಂಡಿತು. ಹೊಂಡದ ಅಂಚಿನಿಂದ ಅವನಕ್ಕ ಚೀರಿದಳು, "ಊದೋ! ಊದು!" ನೀರಿನೊಳಗೆ ಅವನಿಗೇನು ಕೇಳೀತು? ಪುಣ್ಯಕ್ಕೆ ಅವನು ಆಳಕ್ಕೆ ಹೋಗಿರಲಿಲ್ಲ. ದಂಡೆಗೆ ಬಂದ ಮೇಲೆ ಅವಳು ಬೆನ್ನಿಗೊಂದು ಬಿಟ್ಟಳು.

"ಗೊತ್ತಾಗವಲ್ದು ಅಕ್ಕಾ. ಮ್ಯಾಲ ಬರಾಕತ್ತಿದ್ರ ತಾನ ಬಾಯಿ ಮುಚ್ಕೊಂತೈತಿ" ಎಂದು ಅವನು ಅಳುವಂತಾದ.

"ಹಂಗಾರ ಹಾಡ್ಕೋತ ಬಾ. ಹೂಂ ಅನ್ಕೋತ ಬಾ. ಏನರ ಮಾಡು, ಗುಳ್ಳಿ ನಿಲ್ಲಬಾರ್ದು."

ಆ ವಾರವೆಲ್ಲ ಅವರಿಬ್ಬರೂ ಬಸ್ಸು ಹಿಡಿದು ಕುಷ್ಟಗಿಗೆ ಹೋಗಿ ಬಂದರು. ಕೊನೆಗೆ ನಾನೂ ಹೋಗಿ ನೋಡಿದೆ. ಅವನು ತಳದಿಂದ ದಂಡೆಯವರೆಗೆ ಎಡೆಬಿಡದೆ ಗುಳ್ಳೆ ಬಿಡುತ್ತ ಬಂದ. ಹೆಂಡತಿ ನನ್ನತ್ತ ತಿರುಗಿ, ಹೂಂ ಎಂದು ತಲೆಯಾಡಿಸಿದಳು.

ಅದೇ ತಿಂಗಳು ಕೆಲಸ ಬಂತು. ಭತ್ತ ನಾಟಿ ನಡೆದಿತ್ತು. ದಂಡೆಯ ರೈತನೊಬ್ಬನ ಮೋಟರು ನೀರೆತ್ತುವುದನ್ನು ನಿಲ್ಲಿಸಿತ್ತು. ನಾವು ಹೊಳೆ ಮುಟ್ಟಿದಾಗ ಬೆಳಗಿನ ಬಿಸಿಲು ಬಂಡೆಗಳ ಮೇಲೆ ಏರಿತ್ತು. ನೀರು ಕಲಕಿತ್ತು, ಮೊಣಕೈ ಮುಳುಗಿಸಿದರೆ ಬೆರಳು ಕಾಣದು. ಭಾವಮೈದುನ ಮತ್ತು ನಾನು ಹರಿಗೋಲಿನಲ್ಲಿ, ಹೆಂಡತಿ ಮತ್ತು ರೈತ ದಂಡೆಯ ಬಂಡೆಯ ಮೇಲೆ. ಹಗ್ಗ ನನ್ನ ಕೈಯಲ್ಲಿತ್ತು. ನಾನು ಒಮ್ಮೆ ಜಗ್ಗಿದರೆ ಅವನೂ ಒಮ್ಮೆ ಜಗ್ಗಬೇಕು, ಎಲ್ಲ ಸರಿಯಿದೆ ಎಂದು. ಎರಡು ಸಲ ಜಗ್ಗಿದರೆ ಮೇಲೆ ಬರಬೇಕು.

ಅವನು ಇಳಿದ. ಗುಳ್ಳೆಗಳ ಸಾಲು ಪೈಪಿನ ಗುಂಟ ಸರಿಯಿತು. ನಾನು ಒಮ್ಮೆ ಜಗ್ಗಿದೆ, ಅವನೂ ಜಗ್ಗಿದ. ಹರಿದ ಬಲೆಯ ಒಂದು ತುಂಡು ಮೇಲೆ ತೇಲಿ ಬಂತು. ರೈತ ನಕ್ಕ. "ಬಂತ್ರಿ, ಬಂತ್ರಿ" ಎಂದ.

ಆಗ ಗುಳ್ಳೆಗಳು ನಿಂತವು.

ಮೊದಲು ನಾನು ಕಣ್ಣನ್ನೇ ನಂಬಲಿಲ್ಲ. ಹರಿಗೋಲು ತಿರುಗಿದ್ದಕ್ಕೆ ಕಾಣುತ್ತಿಲ್ಲವೆಂದುಕೊಂಡೆ. ಹುಟ್ಟು ಹಾಕಿ ಸ್ಥಿರ ಮಾಡಿದೆ. ನೀರು ಸುಮ್ಮನಿತ್ತು. ಹಗ್ಗ ಜಗ್ಗಿದೆ. ಅದು ಮರದ ಬೇರಿಗೆ ಕಟ್ಟಿದಂತೆ ಗಟ್ಟಿಯಾಗಿತ್ತು. ಆ ತುದಿಯಿಂದ ಯಾವ ಉತ್ತರವೂ ಬರಲಿಲ್ಲ. ಮತ್ತೆ ಜಗ್ಗಿದೆ.

"ಯಾಕ್ರಿ? ಗುಳ್ಳಿ ಎಲ್ಲಿ?" ದಂಡೆಯಿಂದ ಹೆಂಡತಿಯ ದನಿ.

"ತಡಿ."

"ಎಂಥಾ ತಡಿ! ಜಗ್ರಿ ಮ್ಯಾಲ! ಎಳೀರಿ ಅವನ್ನ!"

ಎಳೆಯಲು ನನ್ನ ಕೈಗೂ ಆತುರವಿತ್ತು. ಆದರೆ ಹಗ್ಗ ಎಲ್ಲೋ ಬಂಡೆಗೆ ಸಿಕ್ಕಿಕೊಂಡಿರುವುದು ತಿಳಿಯುತ್ತಿತ್ತು. ಬಲವಾಗಿ ಎಳೆದರೆ ಅವನ ಬಾಯಲ್ಲಿದ್ದುದು ಕಳಚಬಹುದು, ಅವನು ಬಂಡೆಗೆ ಬಡಿಯಬಹುದು, ಉಸಿರು ಕಟ್ಟಿಕೊಂಡೇ ಮೇಲೆ ಬರಬಹುದು. ಎಳೆಯದಿದ್ದರೆ? ನನ್ನ ತಲೆಯಲ್ಲಿ ಪಂಪಿನ ಒಂದೊಂದು ಭಾಗವೂ ಹಾದುಹೋಯಿತು. ವಾಲಿನ ಗುಂಡು ಸಿಕ್ಕಿಕೊಂಡು ಸಿಲಿಂಡರು ಪೂರ್ತಿ ತುಂಬಿರಲಿಲ್ಲವೇ? ಗ್ರೀಸಿನ ತುಣುಕು ಸಿಲಿಂಡರಿಗೆ ಸೇರಿ ಗಾಳಿಯ ದಾರಿಗೆ ಅಡ್ಡಬಂತೇ? ಯಾವ ಎಣ್ಣೆ ಉಳಿದಿತ್ತು?

ಹೆಂಡತಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಿದ್ದಳು. ಅವಳಿಗೆ ಈಜು ಬರುವುದಿಲ್ಲ. ರೈತ ಅವಳ ತೋಳು ಹಿಡಿದು ನಿಲ್ಲಿಸಲು ನೋಡುತ್ತಿದ್ದ. "ಬಿಡ್ರಿ ನನ್ನ" ಎಂದು ಅವಳು ಕೂಗುತ್ತಿದ್ದುದು ಕೇಳಿಸುತ್ತಿತ್ತು. ನಾನು ಹಗ್ಗವನ್ನು ಹರಿಗೋಲಿನ ಅಂಚಿಗೆ ಸುತ್ತಿ, ಅಂಗಿ ಬಿಚ್ಚಿ, ಕೆಳಗೆ ಹೋಗಿ ಏನು ಮಾಡುವೆನೆಂದು ತಿಳಿಯದೆಯೇ ಹಾರಲು ನಿಂತೆ.

ಆಗ ಎಡಗಡೆಗೆ, ನಾವು ನೋಡುತ್ತಲೇ ಇರದಿದ್ದ ಜಾಗದಲ್ಲಿ, ನೀರು ಒಮ್ಮೆಲೇ ಕುದಿದಂತೆ ಉಕ್ಕಿತು. ದೊಡ್ಡ ದೊಡ್ಡ ಗುಳ್ಳೆಗಳ ರಾಶಿ. ಅದರ ಬೆನ್ನಿಗೇ ಅವನ ತಲೆ. ಬಾಯಲ್ಲಿ ಸಿಲಿಂಡರು ಇರಲಿಲ್ಲ. ಬಾಯಿ ತೆರೆದಿತ್ತು. ಕೂಗುತ್ತಿದ್ದ. ಹೊರಗೆ ಬಂದ ಮೇಲೂ ಕೂಗುತ್ತಲೇ ಇದ್ದ.

ಹರಿಗೋಲಿಗೆ ಎಳೆದುಕೊಂಡಾಗ ಮೂಗಿನಿಂದ ನೆತ್ತರು ಇಳಿಯುತ್ತಿತ್ತು, ಮೈ ನಡುಗುತ್ತಿತ್ತು. ದಂಡೆ ಮುಟ್ಟಿಸುವವರೆಗೂ ನಾನು ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮುಖ ಒರೆಸಿದಳು. ಬಲಗೈಯಲ್ಲಿ ಒರೆಸುತ್ತಿದ್ದಳು, ಎಡಗೈಯಲ್ಲಿ ಹೊಡೆಯುತ್ತಿದ್ದಳು.

ಉಸಿರು ಸರಿಯಾದ ಮೇಲೆ ಅವನು ಹೇಳಿದ್ದು ಇಷ್ಟು. ಪೈಪಿನ ತುದಿ ಒಂದು ಚಾಚುಬಂಡೆಯ ಅಡಿಗೆ ಹೋಗಿತ್ತು. ಬಲೆ ಬಿಡಿಸಲು ಅವನೂ ಅದರಡಿ ನುಸುಳಿದ. ಬಿಟ್ಟ ಗಾಳಿಯೆಲ್ಲ ಮೇಲೆ ಬರದೆ ಬಂಡೆಯ ಹೊಟ್ಟೆಯಲ್ಲೇ ನಿಂತಿತು. ಹಗ್ಗ ಬಂಡೆಯ ಮೂಲೆಗೆ ಸಿಕ್ಕಿಕೊಂಡಿತು. ಕೆಲಸದ ಭರದಲ್ಲಿ ಗಾಳಿ ನಾವಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಕತ್ತಲಲ್ಲಿ ಕೊನೆಯ ಉಸಿರು ಎಳೆದದ್ದು ಗೊತ್ತಾಯಿತು, ಮುಂದಿನದು ಬರಲಿಲ್ಲ. ಬಲೆ ಕುಯ್ಯಲು ಒಯ್ದಿದ್ದ ಕತ್ತಿಯಿಂದ ಹಗ್ಗ ಕುಯ್ದು, ಬಂಡೆಯಡಿಯಿಂದ ಹೊರಳಿ, ಮೇಲಕ್ಕೆ ಬಂದ.

"ಊದಿದ್ಯಲ್ಲ, ಅಷ್ಟ ಸಾಕು" ಎಂದಳು ಅವನಕ್ಕ. "ಕಲಿಸಿದ್ದು ನೆನಪಿತ್ತಲ್ಲ."

"ನಾ ಊದ್ಲಿಲ್ಲ ಅಕ್ಕಾ. ನೀ ಕಲಿಸಿದ್ದು ಒಂದೂ ನೆನಪಾಗ್ಲಿಲ್ಲ. ಹೆದ್ರಿಕಿಗೆ ಚೀರಿದೆ."

ಗಂಗಾವತಿಯ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪುಪ್ಪಸಕ್ಕೆ ಏನೂ ಆಗಿಲ್ಲ, ಕಿವಿಯ ತಮಟೆ ಹಿಂದೆಯೇ ಹರಿದಿದೆ, ಇನ್ನು ಮೇಲೆ ಮುಳುಗಬೇಡ ಎಂದರು. ಅವನು ಹೌದ್ರಿ ಎಂದ. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಹೆಂಡತಿ ಚಹಾ ತಂದುಕೊಟ್ಟಳು.

ಸಿಲಿಂಡರು ಹೊಳೆಯ ತಳದಲ್ಲೇ ಉಳಿಯಿತು. ಅದನ್ನು ಹುಡುಕಲು ಅವನೂ ಹೋಗಲಿಲ್ಲ, ನಾವೂ ಕೇಳಲಿಲ್ಲ. ಪಂಪನ್ನು ಬಿಚ್ಚಿ ಕೊಳವೆಗಳನ್ನು ಬೇರೆ ಕೆಲಸಕ್ಕೆ ಬಳಸಿದೆ. ಹೀಗೊಂದು ಪಂಪು ಮಾಡಿದ್ದೇನೆಂಬ ಸುದ್ದಿ ಹರಡಿ, ನಮಗೂ ಒಂದು ಮಾಡಿಕೊಡಿ ಎಂದು ಬಂದವರಿದ್ದರು. ಆಗುವುದಿಲ್ಲ ಎಂದು ಕಳಿಸಿದೆ.

ಬೇಸಿಗೆಯಲ್ಲಿ ಹೊಳೆ ಇಳಿಯಿತು. ಅದೇ ರೈತ ಫೋನು ಮಾಡಿ, ಆ ಬಂಡೆ ನೀರಿನಿಂದ ಹೊರಬಿದ್ದಿದೆ, ಬಂದು ನೋಡಿ ಎಂದ. ಮೂವರೂ ಹೋದೆವು. ನೀರು ಪಾದದ ಗಂಟಿನಷ್ಟಿತ್ತು. ಸಿಲಿಂಡರನ್ನು ಹೊಳೆ ಎಲ್ಲಿಗೋ ಒಯ್ದಿತ್ತು. ಬಂಡೆಯಡಿಯ ಸಂದು ಮಂಚದ ಕೆಳಗಿನಷ್ಟೂ ಎತ್ತರವಿರಲಿಲ್ಲ. ಭಾವಮೈದುನ ಬೋರಲಾಗಿ ಮಲಗಿ, ಹೀಗೆ ಒಳಗೆ ಹೋಗಿದ್ದೆ ಎಂದು ತೋರಿಸಲು ಹೋದ. ಭುಜದವರೆಗೆ ನುಸುಳಿದವನು ಅಲ್ಲೇ ನಿಂತು ಹಿಂದೆ ಸರಿದ.

"ಇದರಾಗ ಹೆಂಗ ಹೋಗಿದ್ದೆ ನಾ?" ಎಂದು ನಮ್ಮನ್ನೇ ಕೇಳಿದ.

ರೈತ ಮನೆಯಿಂದ ಹಾರೆ, ಹಗ್ಗ ತಂದ. ಪೈಪಿನ ಕೊನೆಯ ತುಂಡನ್ನು ಬಿಚ್ಚಿ, ಬಂಡೆಯಿಂದ ದೂರ, ಬಯಲು ಮಡುವಿನ ಕಡೆಗೆ ತಿರುಗಿಸುವ ಕೆಲಸ ಶುರುಮಾಡಿದೆವು. ಅಲ್ಲಾದರೆ ಫುಟ್‌ವಾಲನ್ನು ದಂಡೆಯಿಂದಲೇ ಹಗ್ಗ ಕಟ್ಟಿ ಎತ್ತಬಹುದು. ನಟ್ಟು ಬೋಲ್ಟುಗಳು ತುಕ್ಕು ಹಿಡಿದಿದ್ದವು. ನಾನು ಪಾನಾ ಹಾಕಿ ಹಿಡಿದೆ, ಭಾವಮೈದುನ ಸುತ್ತಿಗೆಯಿಂದ ಬಡಿದ, ಹೆಂಡತಿ ಪೈಪು ಉರುಳದಂತೆ ಕಾಲೊಡ್ಡಿ ನಿಂತಳು. ಬಿಸಿಲು ನೆತ್ತಿಗೇರುವ ಮೊದಲೇ ಪೈಪು ಹೊಸ ಜಾಗದಲ್ಲಿ ಕೂತಿತು. ರೈತ ಮೋಟರಿನ ಗುಂಡಿ ಒತ್ತಿದ. ಮೊದಲು ಕೆಸರು, ಆಮೇಲೆ ನೀರು ಗದ್ದೆಯ ಕಾಲುವೆಗೆ ಬಿತ್ತು.